ಲೈಟ್ ಬಿಲ್ಲಿನಲ್ಲಿ ಲೈಟಿನ ಪಾಲೆಷ್ಟು?

ಹಾಲಿನ ಲೆಕ್ಕವನ್ನು ಗೃಹಿಣಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟುಕೊಳ್ಳುತ್ತಾಳೆ. ಅಕ್ಕಿ ಬೇಳೆಗಳ ಲೆಕ್ಕ ಅವಳ ನಾಲಗೆಯ ತುದಿಯಲ್ಲಿರುತ್ತದೆ. ವಿದ್ಯುತ್ತಿನ ಬಿಲ್ಲನ್ನು ಮಾತ್ರ ವಿಧಿಲಿಖಿತವೆಂಬಂತೆ ಸ್ವೀಕರಿಸುವುದು ವಾಡಿಕೆ. “ಈ ತಿಂಗಳು ಯಾಕೋ ಜಾಸ್ತಿ ಬಂದಿದೆಯಲ್ಲ!” ಎಂಬ ಉದ್ಗಾರದೊಂದಿಗೆ ವಿಚಾರಣೆ ಮುಗಿಯುತ್ತದೆ, ದೀಪ ಆರಿಸದೆ ಎದ್ದುಹೋದ ಮಕ್ಕಳಿಗೆ ಬೈಗುಳವೂ ದೊರೆಯುತ್ತದೆ.

ಬೈಗುಳ ದೀಪದ ಕಡೆಗೆ ತಿರುಗುವುದಕ್ಕೆ ಕಾರಣವಿಲ್ಲದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಜನಸಾಮಾನ್ಯರ ಕಣ್ಣಿಗೆ ವಿದ್ಯುತ್ತು ಕಾಣಿಸಿಕೊಂಡದ್ದು ದೀಪವಾಗಿಯೇ. ಇಂದಿಗೂ ಅನೇಕ ಮನೆಗಳಲ್ಲಿ ಅದರ ಬಿಲ್ಲಿಗೆ “ಲೈಟ್ ಬಿಲ್ಲು” ಎಂದೇ ಹೆಸರು. ಆದರೆ ಆ ಬಿಲ್ಲಿನಲ್ಲಿ ಲೈಟಿನ ಪಾಲು ನಿಜವಾಗಿ ಎಷ್ಟು?

ಯೂನಿಟ್ ಎಂದರೇನು?

ಉತ್ತರ ಪಡೆಯಲು ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತ ಬೇಡ. 1,000 ವಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಉಪಕರಣದ ಮೇಲೆ ನಮೂದಿಸಿದ ವಾಟನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ, 1,000ದಿಂದ ಭಾಗಿಸಿದರೆ ಯೂನಿಟ್ ದೊರೆಯುತ್ತದೆ.

9 ವಾಟಿನ ಎಲ್‌ಇಡಿ ದೀಪವೊಂದು ದಿನಕ್ಕೆ 5 ಗಂಟೆ ಉರಿದರೆ ಇಡೀ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗದು. ಹಿಂದಿನ 60 ವಾಟಿನ ತಂತಿ ಬಲ್ಬಾಗಿದ್ದರೆ 9 ಯೂನಿಟ್ ಆಗುತ್ತಿತ್ತು. ಹಿರಿಯರ ಎಚ್ಚರಿಕೆಗೆ ಅಂದು ಅರ್ಥವಿತ್ತು. ಮನೆಯೆಲ್ಲ ಕೇಳುವಂತೆ ಆರ್ಭಟಿಸುವ 750 ವಾಟಿನ ಮಿಕ್ಸಿಯೂ ದಿನಕ್ಕೆ 10 ನಿಮಿಷ ತಿರುಗಿದರೆ ತಿಂಗಳಿಗೆ ತಿನ್ನುವುದು 4 ಯೂನಿಟ್ಟಿನೊಳಗೆ. ಸದ್ದು ಹೆಚ್ಚು, ಖರ್ಚು ಕಡಿಮೆ.

ಮೌನವಾಗಿ ಕೈಚೀಲವನ್ನು ಬರಿದು ಮಾಡುವುದು ಬಚ್ಚಲುಮನೆಯ ಗೀಸರ್. 15 ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕೇ ಬೇಕು. ವಿದ್ಯುತ್ ಸುರುಳಿಯಿಂದ ನೀರು ಕಾಯಿಸುವ ಯಾವ ಗೀಸರೂ ಪ್ರಕೃತಿಯ ಈ ನಿಯಮವನ್ನು ಮೀರಲಾರದು. ಬೆಳಕು ಅಗ್ಗ, ಬಿಸಿ ದುಬಾರಿ ಎಂಬುದೇ ಬಿಲ್ಲಿನ ಮೊದಲ ಪಾಠ. ಎರಡನೆಯ ಪಾಠವೆಂದರೆ, ಅಲ್ಪ ಶಕ್ತಿಯ ಉಪಕರಣವೂ ದೀರ್ಘಕಾಲ ನಡೆದರೆ ದೊಡ್ಡ ಲೆಕ್ಕವಾಗುತ್ತದೆ. ಫ್ಯಾನು ಇದಕ್ಕೆ ಉತ್ತಮ ನಿದರ್ಶನ.

ಒಂದು ಮನೆಯ ಲೆಕ್ಕ

ನಾಲ್ಕು ಜನರ ಸಂಸಾರವೊಂದನ್ನು ಕಲ್ಪಿಸಿಕೊಳ್ಳೋಣ. 2,000 ವಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಕಾಯುತ್ತದೆ: ತಿಂಗಳಿಗೆ 60 ಯೂನಿಟ್. 75 ವಾಟಿನ ಮೂರು ಫ್ಯಾನುಗಳು ಎಂಟೆಂಟು ಗಂಟೆ ತಿರುಗುತ್ತವೆ: 54. ಫ್ರಿಜ್ಜಿನ ನಕ್ಷತ್ರದ ಚೀಟಿಯ ಮೇಲೆ ವರ್ಷಕ್ಕೆ 240 ಯೂನಿಟ್ ಎಂದಿದ್ದರೆ ತಿಂಗಳಿಗೆ 20. ನೀರೆತ್ತುವ ಪಂಪಿಗೆ 15, ಟೀವಿಗೆ 12, ಮಿಕ್ಸಿಗೆ 4. ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿಪೆಟ್ಟಿಗೆ ಮೊದಲಾದವುಗಳಿಗೆ 15. ಆರು ದೀಪಗಳಿಗೆ ಬರಿಯ 8. ಒಟ್ಟು 188 ಯೂನಿಟ್. “ಲೈಟ್ ಬಿಲ್ಲಿ”ನಲ್ಲಿ ಲೈಟಿನ ಪಾಲು ನೂರಕ್ಕೆ ನಾಲ್ಕರಷ್ಟು!

ಯೂನಿಟ್ಟಿನ ಬೆಲೆಯೇ ಬಿಲ್ಲಿನ ಸರ್ವಸ್ವವಲ್ಲ. ಮನೆಗೆ ಮಂಜೂರಾದ ಕಿಲೋವಾಟ್‌ಗೆ ತಕ್ಕಂತೆ ನಿಗದಿತ ಶುಲ್ಕವೊಂದುಂಟು. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ತಪ್ಪದು. ಕರ್ನಾಟಕದಲ್ಲಿ 2025–26ನೇ ಸಾಲಿಗೆ ಗೊತ್ತುಪಡಿಸಿದ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನಿಗದಿತ ಶುಲ್ಕ ಕಿಲೋವಾಟ್‌ಗೆ 145 ರೂಪಾಯಿ. ಮೂರು ಕಿಲೋವಾಟಿನ ಮನೆಗೆ ಶುಲ್ಕವೇ 435 ರೂಪಾಯಿ. ಇವುಗಳ ಮೇಲೆ ತೆರಿಗೆ, ಇಂಧನ ಹೊಂದಾಣಿಕೆಯ ಮೊತ್ತ ಮುಂತಾದವು ಸೇರುತ್ತವೆ.

ನಾಲ್ಕು ಯೂನಿಟ್ಟಿನ ಬೆಲೆ

ಬಿಲ್ಲು ಸೊನ್ನೆಯಾಗಿ ಬರುವ ಮನೆಗೆ ಈ ಗಣಿತವೇಕೆ ಎನ್ನಬಹುದು. ಅಂಥ ಮನೆಗೇ ಇದು ಹೆಚ್ಚು ಅವಶ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂದು ಹಲವರು ಭಾವಿಸಿದರು. ಯೋಜನೆ ರೂಪುಗೊಂಡದ್ದು ಹಾಗಲ್ಲ. 2022–23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟನ್ನು ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಲಾಯಿತು. ಮಿತಿ ದಾಟಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಪೂರ್ಣ ಬಿಲ್ಲು.

ಮೇಲಿನ ಸಂಸಾರದ ಸರಾಸರಿ 175 ಆಗಿದ್ದಿತೆನ್ನೋಣ. ಅದರ ಮಿತಿ ಸುಮಾರು 192. 188 ಯೂನಿಟ್ ಬಳಸಿದ ತಿಂಗಳು ಬಿಲ್ಲು ಸೊನ್ನೆ. ದಸರಾ ರಜೆಗೆ ನೆಂಟರು ಬಂದು ಹತ್ತು ದಿನ ತಂಗಿದರೆನ್ನೋಣ. ಗೀಸರ್ ದಿನಕ್ಕೆ ಅರ್ಧ ಗಂಟೆ ಹೆಚ್ಚು ನಡೆದರೆ 10 ಯೂನಿಟ್. ಇನ್ನೊಂದು ಫ್ಯಾನಿಗೆ 6. ಒಟ್ಟು 204! ನಾಲ್ಕು ಯೂನಿಟ್ ಗೆರೆ ದಾಟಿದ ತಪ್ಪಿಗೆ, 2025–26ರ ದರದಂತೆ 1,183 ರೂಪಾಯಿ 20 ಪೈಸೆ, ಅದರ ಮೇಲೆ ನಿಗದಿತ ಶುಲ್ಕ ಮತ್ತು ತೆರಿಗೆ. ನೆಂಟರಿಗೆ ಬಿಸಿನೀರಿಲ್ಲವೆನ್ನುವುದು ನಮ್ಮ ಸಂಪ್ರದಾಯವಲ್ಲ. ಆದರೆ 75 ವಾಟಿನ ಮೂರು ಫ್ಯಾನುಗಳ ಸ್ಥಾನಕ್ಕೆ 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳು ಬಂದಿದ್ದರೆ ತಿಂಗಳಿಗೆ 32 ಯೂನಿಟ್ ಮೊದಲೇ ಉಳಿದು, ಉಪಚಾರಕ್ಕೂ ಕೊರತೆಯಾಗುತ್ತಿರಲಿಲ್ಲ.

ಮೀಟರನ್ನು ಓದುವ ಬಗೆ

ಕಾಗದದ ಲೆಕ್ಕ ಅಂದಾಜು ಮಾತ್ರ. ಸಾಕ್ಷಿ ನುಡಿಯಬೇಕಾದದ್ದು ಮೀಟರು. ವಾರಕ್ಕೊಮ್ಮೆ, ಅದೇ ವೇಳೆಗೆ, ಅದರ ಅಂಕಿಯನ್ನು ಬರೆದಿಟ್ಟುಕೊಂಡರೆ ತಿಂಗಳ ಅರ್ಧದಲ್ಲಿಯೇ ದಾರಿ ತಿಳಿಯುತ್ತದೆ. ಮೀಟರಿನಲ್ಲಿ ಮಿನುಗುವ ಪುಟ್ಟ ಕೆಂಪು ದೀಪವೂ ಲೆಕ್ಕ ಹೇಳುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುವುದೆಂದು ಮೀಟರಿನ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ಆ ಸಂಖ್ಯೆ 3,200 ಆಗಿದ್ದು, ಒಂದೇ ಉಪಕರಣ ನಡೆಯುತ್ತಿರುವಾಗ ಆರು ನಿಮಿಷಕ್ಕೆ 32 ಬಾರಿ ಮಿನುಗಿದರೆ ಆ ಉಪಕರಣ 100 ವಾಟಿನದು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲಿಯೋ ವಿದ್ಯುತ್ತು ಹರಿಯುತ್ತಿದೆ ಎಂದರ್ಥ. ಅನುಭವಸ್ಥ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸುವುದು ವಿವೇಕ.

ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಈ ಕೆಲಸವನ್ನು ಒಪ್ಪಿಸಿದರೆ ಗಣಿತದ ಅಭ್ಯಾಸವೂ ಆದೀತು, ಮನೆಯ ಹಣವೂ ಉಳಿದೀತು. ದೀಪ ಆರಿಸುವ ಒಳ್ಳೆಯ ರೂಢಿ ಮುಂದುವರಿಯಲಿ. ಅದರೊಡನೆ ಗೀಸರಿನ ಸ್ವಿಚ್ಚಿನ ಮೇಲೂ ಒಂದು ಕಣ್ಣಿರಲಿ.