ಪ್ರಾರ್ಥನೆಗೆ ಮುನ್ನ ದೇಹಶುದ್ಧಿ

ಕೈತೊಳೆಯದೆ ಉಂಡರೆಂದು ಫರಿಸಾಯರು ಯೇಸುಸ್ವಾಮಿಯ ಶಿಷ್ಯರನ್ನು ಆಕ್ಷೇಪಿಸಿದ ಪ್ರಸಂಗ ಸಂತ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿದೆ. ಅದನ್ನೋದಿದ ನಾವು ಯೆಹೂದ್ಯರ ಶುದ್ಧಿನಿಯಮಗಳೆಲ್ಲ ಬರಿಯ ಬಾಹ್ಯಾಚಾರವೆಂದು ಸುಲಭವಾಗಿ ತೀರ್ಮಾನಿಸುತ್ತೇವೆ. ಅವರ ಧರ್ಮಶಾಸ್ತ್ರವನ್ನೇ ತೆರೆದು ನೋಡಿದರೆ ಆ ತೀರ್ಮಾನ ನಿಲ್ಲದು.

12ನೆಯ ಶತಮಾನದ ಮೈಮೊನಿಡೆಸ್ ತತ್ತ್ವಜ್ಞಾನಿಯೂ ಹೌದು, ವೈದ್ಯನೂ ಹೌದು. ಪ್ರಾರ್ಥನೆಯ ಹೊತ್ತು ಬಂದಿದ್ದರೂ 5 ಸಂಗತಿಗಳು ಸರಿಯಾಗುವ ತನಕ ಕಾಯಬೇಕೆಂದು ಆತನು 'ಮಿಶ್ನೆ ತೋರಾ' ಎಂಬ ತನ್ನ ಧರ್ಮಸಂಹಿತೆಯಲ್ಲಿ ವಿಧಿಸಿದ್ದಾನೆ. ಕೈಗಳು ಶುದ್ಧವಾಗಿರಬೇಕು, ಮಾನ ಮುಚ್ಚಿರಬೇಕು, ನಿಂತ ಸ್ಥಳ ನಿರ್ಮಲವಾಗಿರಬೇಕು, ದೇಹಬಾಧೆ ಅವಸರಪಡಿಸುತ್ತಿರಬಾರದು, ಮನಸ್ಸು ಏಕಾಗ್ರವಾಗಿರಬೇಕು. ಕೈಯಿಂದ ಆರಂಭವಾದ ಪಟ್ಟಿ ಹೃದಯದಲ್ಲಿ ಮುಗಿಯುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಮಲಮೂತ್ರಗಳ ಬಾಧೆಯಿದ್ದವನು ಮೊದಲು ಅದನ್ನು ತೀರಿಸಿಕೊಳ್ಳಬೇಕು. ತಾಳಲಾರದ ಬಾಧೆಯನ್ನು ತಡೆಹಿಡಿದು ಪ್ರಾರ್ಥಿಸಿದವನು ಮತ್ತೊಮ್ಮೆ ಪ್ರಾರ್ಥಿಸಬೇಕು. ಪ್ರಯಾಣಿಕನಿಗೆ ನೀರು ದೊರೆಯದಿದ್ದರೆ? ಮುಂದಿನ ಹಾದಿಯಲ್ಲಿ 4 ಮಿಲ್, ಎಂದರೆ 8,000 ಮೊಳದೊಳಗೆ ನೀರಿದ್ದರೆ ಅಲ್ಲಿಯವರೆಗೆ ಹೋಗಬೇಕು. ಅದಕ್ಕೂ ದೂರವಿದ್ದರೆ ಮಣ್ಣಿನಿಂದಲೋ ಹರಳುಕಲ್ಲಿನಿಂದಲೋ ಕೈಯೊರೆಸಿಕೊಂಡು ಪ್ರಾರ್ಥಿಸಬೇಕು. ನಿಯಮವು ಪ್ರಯತ್ನವನ್ನು ಕೇಳುತ್ತದೆ, ಅಸಾಧ್ಯವನ್ನಲ್ಲ.

ಇಷ್ಟೇ ಅಲ್ಲ. ಶೌಚ ಮುಗಿಸಿ ಕೈತೊಳೆದ ಯೆಹೂದ್ಯನು ಒಂದು ಸ್ತುತಿಯನ್ನು ಹೇಳುತ್ತಾನೆ. ದೇಹದ ರಂಧ್ರಗಳಲ್ಲಿ, ನಾಳಗಳಲ್ಲಿ ತೆರೆದಿರಬೇಕಾದದ್ದು ಮುಚ್ಚಿದರೆ, ಮುಚ್ಚಿರಬೇಕಾದದ್ದು ತೆರೆದರೆ ಮನುಷ್ಯನು ದೇವರ ಮುಂದೆ ನಿಲ್ಲಲಾರನೆಂಬುದು ಅದರ ಭಾವ. ನಾವು ಬಾಯಿಬಿಟ್ಟು ಹೇಳಲು ನಾಚುವುದಕ್ಕೇ ಅಲ್ಲಿ ಕೃತಜ್ಞತೆ ಸಲ್ಲುತ್ತದೆ.

ಹಾಗಾದರೆ ದೇಹವು ಮಾತು ಕೇಳದ ರೋಗಿಯ, ಮುದುಕರ ಗತಿಯೇನು? ಕ್ಯಾಥೆಟರ್ ಅಳವಡಿಸಿಕೊಂಡ ರೋಗಿ ನಳಿಕೆಯನ್ನೂ ಚೀಲವನ್ನೂ ಮುಚ್ಚಿಕೊಂಡು ಪ್ರಾರ್ಥಿಸಬಹುದೆಂದು ನಮ್ಮ ಕಾಲದ ಹಲವು ರಬ್ಬಿಗಳು ತೀರ್ಪು ನೀಡಿದ್ದಾರೆ. ಶಾಸ್ತ್ರವು ಅವನನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ.

ಆತ್ಮವನ್ನು ಮಾತ್ರ ದೇವಸನ್ನಿಧಿಗೆ ಒಯ್ದು ದೇಹವನ್ನು ಹೊರಗೆ ಬಿಟ್ಟುಬರಲು ಯಾರಿಗೂ ಸಾಧ್ಯವಿಲ್ಲ. ದೇಹವೂ ಜೊತೆಗೆ ಬರುತ್ತದೆ. ಆದ್ದರಿಂದಲೇ ಅದನ್ನು ತೊಳೆದು, ಉಡಿಸಿ, ಸಮಾಧಾನಪಡಿಸಿ ಕರೆತರಬೇಕು. ಕಾಯಿಲೆಯ ಸಂಕೋಚದಿಂದ ಪ್ರಾರ್ಥನೆಯನ್ನೇ ಬಿಟ್ಟು ಮೂಲೆ ಹಿಡಿದ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರಿಗೆ ಒಂದು ತಂಬಿಗೆ ನೀರು, ಒಂದು ಮಡಿಬಟ್ಟೆ ನೀಡುವುದು ಅವರ ಪ್ರಾರ್ಥನೆಗೆ ನಾವು ಸಲ್ಲಿಸುವ ಸೇವೆ.