ಉಸಿರಾಟದ ಸೋಂಕು ಕರುಳನ್ನೂ ಬಾಧಿಸಬಹುದು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಜ್ವರ, ಕೆಮ್ಮಿನೊಂದಿಗೆ ಭೇದಿಯೂ ಕಾಣಿಸಿಕೊಂಡಾಗ ಅದನ್ನು ಆಹಾರದ ದೋಷವೆಂದೇ ಭಾವಿಸುವುದು ರೂಢಿ. ಆದರೆ ಉಸಿರಿನ ಮೂಲಕ ದೇಹವನ್ನು ಸೇರುವ ಕೆಲವು ವೈರಾಣುಗಳು ಕರುಳನ್ನೂ ಬಾಧಿಸಬಲ್ಲವು. ಕೋವಿಡ್-19 ಇದಕ್ಕೆ ಸ್ಪಷ್ಟ ನಿದರ್ಶನ.

ಈ ರೋಗದ ವೈರಾಣುವು ಜೀವಕೋಶಗಳ ಮೇಲಿರುವ ಎಸಿಇ-2 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಒಳಸೇರುತ್ತದೆ. ಈ ಗ್ರಾಹಕವು ಶ್ವಾಸಕೋಶದಲ್ಲಿ ಮಾತ್ರವಲ್ಲದೆ ಸಣ್ಣ ಕರುಳಿನ ಒಳಪದರದಲ್ಲಿಯೂ ಹೇರಳವಾಗಿದೆ. ಒಳಪದರವು ಬಾಧಿತವಾದಾಗ ನೀರು ಮತ್ತು ಲವಣಗಳನ್ನು ಹೀರಿಕೊಳ್ಳುವ ಶಕ್ತಿ ಕುಂದಿ ಭೇದಿಯುಂಟಾಗಬಹುದು. ಸೋಂಕಿತರ ಮಲದಲ್ಲಿ ವೈರಾಣುವಿನ ಅಂಶ ಕಂಡುಬರುವುದರಿಂದಲೇ ಕೊಳಚೆ ನೀರಿನ ಪರೀಕ್ಷೆಯಿಂದ ಸೋಂಕಿನ ಏರಿಳಿತವನ್ನು ಅರಿಯಲು ಸಾಧ್ಯವಾಯಿತು. ಬೆಂಗಳೂರಿನಲ್ಲಿಯೂ ಇಂತಹ ಪರೀಕ್ಷೆ ನಡೆದಿದೆ. ಆದರೂ ಈ ರೋಗವು ಮುಖ್ಯವಾಗಿ ಹರಡುವುದು ಉಸಿರಿನ ಮೂಲಕವೇ. ಇನ್‌ಫ್ಲುಯೆಂಜಾದಲ್ಲಿಯೂ ವಾಂತಿ, ಭೇದಿ ವಯಸ್ಕರಿಗಿಂತ ಮಕ್ಕಳಲ್ಲಿ ಹೆಚ್ಚು.

ಭೇದಿಯಿಂದ ದೇಹದ ನೀರಿನಂಶ ಕಡಿಮೆಯಾಗುವುದು ಮಕ್ಕಳ ಹಾಗೂ ವೃದ್ಧರ ಪ್ರಾಣಕ್ಕೆ ಅಪಾಯಕಾರಿ. ಪೊಟ್ಟಣದ ಮೇಲೆ ಸೂಚಿಸಿದಷ್ಟು ಶುದ್ಧ ನೀರಿನಲ್ಲಿ ಓ.ಆರ್.ಎಸ್. ಕರಗಿಸಿ, 24 ಗಂಟೆಗಳೊಳಗೆ ಬಳಸತಕ್ಕದ್ದು. ಶಿಶುವಿಗೆ ಎದೆಹಾಲನ್ನು ನಿಲ್ಲಿಸಬಾರದು. ವೈರಾಣುವಿನ ಮೇಲೆ ಆಂಟಿಬಯೋಟಿಕ್ ಪರಿಣಾಮ ಬೀರುವುದಿಲ್ಲವಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅದನ್ನು ನೀಡಬಾರದು. ಕಣ್ಣು ಗುಳಿಬಿದ್ದಲ್ಲಿ, ಮೂತ್ರ ಕಡಿಮೆಯಾದಲ್ಲಿ ಅಥವಾ ಉಸಿರಾಟ ವೇಗವಾದಲ್ಲಿ ರೋಗಿಯನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.

ತಮ್ಮ ಕ್ಷೇತ್ರದ ಆಶಾ ಕಾರ್ಯಕರ್ತೆಯರಲ್ಲಿ ಓ.ಆರ್.ಎಸ್. ದಾಸ್ತಾನು ಇರುವುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಪರಿಶೀಲಿಸಿ ಖಚಿತಪಡಿಸಿಕೊಳ್ಳುವಂತೆ ಸದಸ್ಯರನ್ನು ಕೋರಲಾಗಿದೆ.