ನಿಮಗಿದು ಗೊತ್ತೆ? ಕೋಳಿಮರಿಗೆ ಕಾವು ಎಷ್ಟು ದಿನ?

ಕೋಳಿಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಎಷ್ಟು ದಿನ ಎಂಬುದು ಊರಿನ ಹವೆಗೆ ಬಿಟ್ಟದ್ದು. ಉದಾಹರಣೆಗೆ, ಕೋಲ್ಕತ್ತದ ಕಾಳಿಘಾಟ್‌ನಲ್ಲಿ ಮೇ ತಿಂಗಳ ಹಗಲಿನ ಸೆಕೆಯೇ ಆ 35ನ್ನು ಮುಟ್ಟುತ್ತದೆ; ರಾತ್ರಿಯೂ 26ರ ಆಸುಪಾಸು. ಅಲ್ಲಿ ಬೇಸಿಗೆಯ ಹಗಲಲ್ಲಿ ಕಾವಿಗೆಂದು ಬಲ್ಬು ಉರಿಸುವುದು ಮರಿಗಳಿಗೆ ಅಪಾಯ. ಎರಡು-ಮೂರು ವಾರಕ್ಕೇ ಬ್ರೂಡರ್ (ಕಾವು ಕೊಡುವ ಪೆಟ್ಟಿಗೆ) ಬಿಡಿಸಿ ಗೂಡಿಗೆ ಸೇರಿಸಬಹುದು. ಜನವರಿಯ ಮಾತು ಬೇರೆ: ರಾತ್ರಿ 14 ಡಿಗ್ರಿಗೆ ಇಳಿಯುವುದರಿಂದ ಮೈತುಂಬ ಪುಕ್ಕ ಬರುವ ತನಕ, ಅಂದರೆ ಐದಾರು ವಾರ, ಕಾಯಲೇಬೇಕು.

ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ. ಬಲ್ಬಿನಡಿ ಒತ್ತೊತ್ತಾಗಿ ನಿಂತು ಚೀರಿದರೆ ಚಳಿ. ದೂರ ಸರಿದು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಉಸಿರಿನಿಂದಲೇ ಮೈ ತಂಪಾಗಬೇಕು. ಬಂಗಾಳದ ತೇವದ ಗಾಳಿಯಲ್ಲಿ ಅದೂ ಕಷ್ಟ. ಆದ್ದರಿಂದ ಗೂಡಿಗೆ ಗಾಳಿಯಾಡುವ ಜಾಲರಿಯೂ ನೆರಳೂ ಮುಖ್ಯ.

ಮಳೆಗಾಲದಲ್ಲಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ಬೇಗ ಹಬ್ಬುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯಂತೂ ಗೂಡು ಸೇರುವ ತನಕ ಕಾಯುವಂಥದ್ದಲ್ಲ, ಮೊದಲ ವಾರದಲ್ಲೇ ಹಾಕಿಸಬೇಕು.